ಲೀಟರಿಗೆ ಮೂವತ್ತು

ನನ್ನ ಕಾರು ಹೊರಟಿದೆಯೋ ನಿಂತಿದೆಯೋ ಎಂದು ಮೊದಮೊದಲು ನನಗೇ ಗೊತ್ತಾಗುತ್ತಿರಲಿಲ್ಲ. ಗುಂಡಿ ಒತ್ತಿದರೆ ಎದುರಿಗೆ ಒಂದು ಹಸಿರು ದೀಪ ಹತ್ತುತ್ತಿತ್ತು, ಅಷ್ಟೆ. ಎಂಜಿನ್ ಕೆಮ್ಮುವುದಿಲ್ಲ, ಸೀಟು ನಡುಗುವುದಿಲ್ಲ. ಕಾಲನ್ನು ಸ್ವಲ್ಪ ಊರಿದರೆ ನಮ್ಮ ಮನೆಯ ಗೇಟು ತಾನಾಗಿ ಹಿಂದಕ್ಕೆ ಸರಿದಂತೆ ಕಾಣುತ್ತಿತ್ತು. ಅರ್ಧ ಬ್ಯಾಟರಿ, ಅರ್ಧ ಪೆಟ್ರೋಲಿನ ಹೈಬ್ರಿಡ್ ಗಾಡಿ. ಹೈದರಾಬಾದಿನಲ್ಲಿ ಯಾರೋ ವರ್ಷಗಟ್ಟಲೆ ಓಡಿಸಿ ಮಾರಿದ್ದನ್ನು ನಾನು ಕೊಂಡಿದ್ದೆ. ಈಗಿನ ಗಾಡಿಗಳಿಗೆ ನಿಧಾನ ಹೋಗುವಾಗ ಜನರಿಗೆ ಕೇಳಲೆಂದು ಗುಂಯ್ ಎನ್ನುವ ಸದ್ದೊಂದನ್ನು ಇಟ್ಟಿರುತ್ತಾರಂತೆ. ನನ್ನದು ಹಳೆಯದು, ಅದಕ್ಕೆ ಅದೂ ಇರಲಿಲ್ಲ.

ಮನೆ ರಾಯಚೂರಿನಲ್ಲಿ, ನೌಕರಿ ದೇವದುರ್ಗದಲ್ಲಿ. ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ನನ್ನ ಜೊತೆಗಿರುವುದು ಅವ್ವ. ಮಾನ್ವಿ ತಾಲೂಕಿನ ಚೀಕಲಪರ್ವಿಯವಳು, ಅರ್ಧ ಆಯುಷ್ಯ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವಳು. ಕಾರು ತಂದ ದಿನ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರು ಸುತ್ತಿಸಿದೆ. ಆ ಸೀಟಿನ ಬಗಲಿಗೆ, ಬ್ಯಾಟರಿ ಕಾಯದಿರಲೆಂದು ಒಂದು ಸಣ್ಣ ಫ್ಯಾನ್ ಇಟ್ಟಿದ್ದಾರೆ. ಬಿಸಿಲೇರಿದರೆ ತಾನೇ ತಿರುಗುತ್ತದೆ, ತಾನೇ ನಿಲ್ಲುತ್ತದೆ.

"ಇಲ್ಲಿ ಯಾರೋ ಉಸಿರು ಬಿಡಾಕತ್ತಾರ" ಎಂದಳು ಅವ್ವ.

"ಫ್ಯಾನ್ ಬೇ ಅದು. ಬ್ಯಾಟರಿಗೆ ಗಾಳಿ ಹೊಡಿತದ."

"ಗಾಡಿಗೆ ಉಸಿರಿಲ್ಲ, ಒಳಗ ಕುಂತದ್ದಕ್ಕ ಉಸಿರದ. ನಿನ್ನ ವಿದ್ಯಾ ನಿನ್ನ ಹತ್ರ ಇಟ್ಕೊ."

ನಾನು ನಕ್ಕೆ. ಅವ್ವ ನಗಲಿಲ್ಲ. ಆಮೇಲೆ ಅವಳು ಆ ಸೀಟಿನಲ್ಲಿ ಕೂತಿದ್ದಿಲ್ಲ, ಏನಿದ್ದರೂ ಮುಂದೆಯೇ.

ನನ್ನ ಸ್ವಭಾವ ಸ್ವಲ್ಪ ಕೆಟ್ಟದ್ದು. ಅಳೆಯಲು ಬರುವ ವಸ್ತುವನ್ನು ಅಳೆಯದೆ ಬಿಡಲಾರೆ. ಈ ಕಾರಿನಲ್ಲಿ ಒಂದು ಲೀಟರಿಗೆ ಎಷ್ಟು ಕಿಲೋಮೀಟರು ಓಡಿತು ಎಂದು ಕಣ್ಣೆದುರಿಗೇ ತೋರಿಸುವ ಅಂಕಿ ಒಂದಿತ್ತು. ಅದೇ ನನಗೆ ಹುಚ್ಚು ಹಿಡಿಸಿತು. ಮೊದಲ ವಾರ ಇಪ್ಪತ್ತೆರಡು. ಎಲ್ಲರೂ ಅಷ್ಟಕ್ಕೇ ಖುಷಿಪಡುತ್ತಿದ್ದರು. ನಾನು ಮೂವತ್ತು ಮುಟ್ಟಿಸುತ್ತೇನೆ ಎಂದು ಹಟ ಹಿಡಿದೆ. ಬೆಳಗಿನ ತಂಪಿನಲ್ಲಿ ಟೈರಿನ ಗಾಳಿ ನೋಡುವುದು, ಎ.ಸಿ.ಯನ್ನು ಇಪ್ಪತ್ತಾರಕ್ಕೆ ಇಡುವುದು, ಕಾಲೇಜಿನಲ್ಲಿ ನೆರಳು ಹುಡುಕಿ ನಿಲ್ಲಿಸುವುದು ಇವೆಲ್ಲ ಎಲ್ಲರಿಗೂ ಗೊತ್ತು. ನಿಜವಾದ ವಿದ್ಯೆ ಇರುವುದು ಪಾದದಲ್ಲಿ. ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಊರಿದರೆ ಎಂಜಿನ್ ಏಳುವುದಿಲ್ಲ, ಬ್ಯಾಟರಿಯೇ ಎಳೆಯುತ್ತದೆ. ದೂರದಲ್ಲಿ ಎಮ್ಮೆ ಕಂಡರೆ ಅಲ್ಲಿಂದಲೇ ಕಾಲು ತೆಗೆಯಬೇಕು. ಗಾಡಿ ತನ್ನ ಓಟದಿಂದಲೇ ಬ್ಯಾಟರಿ ತುಂಬಿಕೊಳ್ಳುತ್ತಾ ಹೋಗುತ್ತದೆ. ಬ್ರೇಕನ್ನು ಗಟ್ಟಿಯಾಗಿ ಒತ್ತಿದೆವೋ, ಕೂಡಿಸಿದ ವೇಗವನ್ನೆಲ್ಲ ಮಣ್ಣಿಗೆ ಚೆಲ್ಲಿದ ಹಾಗೆ. ಹೀಗೆ ಕಲಿಯುತ್ತಾ ಕಲಿಯುತ್ತಾ ಒಂದು ತಿಂಗಳಲ್ಲಿ ಬ್ರೇಕನ್ನು ನಾನು ಹೆಚ್ಚುಕಡಿಮೆ ಮರೆತೇಬಿಟ್ಟೆ.

ಸದ್ದಿಲ್ಲದ ಗಾಡಿಯಲ್ಲಿ ಹೋಗುವಾಗ ಊರು ಬೇರೆಯೇ ಕಾಣುತ್ತದೆ. ರಸ್ತೆಯಲ್ಲಿ ಮಲಗಿದ ನಾಯಿ ತಲೆ ಎತ್ತುವುದಿಲ್ಲ. ಕಾಳು ಹೆಕ್ಕುವ ಹಕ್ಕಿಗಳು ಗಾಜಿನ ಹತ್ತಿರ ಬರುವ ತನಕ ಏಳುವುದಿಲ್ಲ, ಎದ್ದರೂ ನನ್ನನ್ನು ನೋಡಿ ಎದ್ದಂತಿರುವುದಿಲ್ಲ. ಚಹಾದ ಅಂಗಡಿಯ ಮುಂದೆ ಕೂತವರು ನಾನು ಅವರ ಪಕ್ಕದಿಂದಲೇ ಹೋದರೂ ಮುಖ ತಿರುಗಿಸುವುದಿಲ್ಲ. ಒಮ್ಮೊಮ್ಮೆ, ಇಷ್ಟು ಜನರಲ್ಲಿ ಒಬ್ಬರಿಗೂ ಕಾಣದ ನಾನು ನಿಜಕ್ಕೂ ಇಲ್ಲಿ ಇದ್ದೇನೆಯೇ ಎಂದು ಅನಿಸಿ ಮೈ ಜುಂ ಎನ್ನುತ್ತಿತ್ತು. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳುತ್ತಿದ್ದೆ.

ಆದರೂ ಅದು ನನಗೆ ಇಷ್ಟವಾಗಿತ್ತು. ಏಕೆಂದು ಹೇಳುತ್ತೇನೆ. ನಮ್ಮ ಅಜ್ಜನ ಕಾಲಕ್ಕೆ ನಮ್ಮವರು ಊರೊಳಗಿನ ಓಣಿಗೆ ಕಾಲಿಡುವ ಮೊದಲು ದೂರದಿಂದಲೇ "ಬಂದೀನ್ರಿ" ಎಂದು ಕೂಗಬೇಕಿತ್ತಂತೆ. ಕೂಗು ಕೇಳಿ ಮೇಲುಜಾತಿಯವರು ಒಳಗೆ ಸರಿದ ಮೇಲೆ ನಮ್ಮವರು ಹೋಗಬೇಕು. ಅವ್ವ ಇದನ್ನು ಹೇಳಿದಾಗ ನಾನಿನ್ನೂ ಚಿಕ್ಕವಳು. ಆಗ ಹುಟ್ಟಿದ ಸಿಟ್ಟು ಇನ್ನೂ ಆರಿಲ್ಲ. ನಾನು ಬರುತ್ತಿದ್ದೇನೆ ಎಂದು ಯಾರಿಗೂ ಮುಂಚಿತವಾಗಿ ತಿಳಿಸುವುದಿಲ್ಲ ಎಂಬ ಒಂದು ಹಟ ನನ್ನೊಳಗೆ ಇದೆ. ಬಾಗಿಲು ತಟ್ಟುವುದೂ ನನಗೆ ಕಷ್ಟ. ಹಾರ್ನ್ ಅಂತೂ ಒತ್ತುತ್ತಲೇ ಇರಲಿಲ್ಲ.

ಮೂವತ್ತಕ್ಕೆ ಅಡ್ಡ ಬಂದದ್ದು ಒಂದು ಬೇವಿನ ಗಿಡ. ಮಸರಕಲ್ಲಿನ ಹತ್ತಿರ, ಹಳ್ಳದ ಸೇತುವೆ ದಾಟಿದ ಮೇಲೆ ರಸ್ತೆಯ ಎಡಕ್ಕೆ ಅದು ಒಂಟಿಯಾಗಿ ನಿಂತಿದೆ. ದಿನಾ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾನು ಸದ್ದಿಲ್ಲದೆ ಅಲ್ಲಿಗೆ ಬರುವುದು, ಗಿಡದ ನೆರಳು ಬಾನೆಟ್ಟಿನ ಮೇಲೆ ಬಿದ್ದ ಕೂಡಲೇ ಎಂಜಿನ್ ಗುರ್ ಎಂದು ಏಳುವುದು. ಒಂದು ದಿನವೂ ತಪ್ಪಲಿಲ್ಲ. ನಮ್ಮ ಕಾಲೇಜಿನಲ್ಲಿ ಹೇಳಿದರೆ, ಆ ಗಿಡದಲ್ಲಿ ಏನೋ ಇದೆ ಎಂದರು. ನಾನು ಅಂಥದ್ದನ್ನು ನಂಬುವವಳಲ್ಲ. ಅದೇ ದಾರಿ, ಅದೇ ಪಾದ, ಅದೇ ಹೊತ್ತು. ಹಾಗಾಗಿ ಬ್ಯಾಟರಿ ಇಳಿಯುವುದೂ ಅದೇ ಜಾಗದಲ್ಲಿ, ಇಷ್ಟೇ ಲೆಕ್ಕ. ಆದರೆ ಲೆಕ್ಕ ಗೊತ್ತಿದ್ದರೂ ಆ ನೆರಳು ಹತ್ತಿರ ಬರುವಾಗ ಹೆಗಲು ಬಿಗಿಯುವುದು ತಪ್ಪುತ್ತಿರಲಿಲ್ಲ. ಯಾರೋ ಕಾದು ಕೂತು ಎಬ್ಬಿಸುತ್ತಾರೆ ಎಂದೇ ಅನಿಸುತ್ತಿತ್ತು.

ಗಿಡದ ಆಚೆ ನೇರವಾದ, ನುಣ್ಣನೆಯ ಹೊಸ ಡಾಂಬರು. ಶಿವರಾತ್ರಿ ಕಳೆದ ಮೇಲೆ ಅಲ್ಲಿ ಬಿಳಿಜೋಳದ ತೆನೆ ಹರವುತ್ತಾರೆ. ಹೋಗಿ ಬರುವ ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಗಾಲಿಗೆ ಸಿಕ್ಕಿ ಕಾಳು ಬಿಡುತ್ತದೆ, ಬೇರೆ ಕಣ ಬೇಕಿಲ್ಲ. ಒಂದು ಗಾಡಿ ಹೋಗಿ ಇನ್ನೊಂದು ಬರುವ ನಡುವೆ ಹೆಂಗಸರು ತೆನೆ ತಿರುವಿ ಹಾಕಿ, ಸಿಡಿದ ಕಾಳನ್ನು ಕಸಬರಿಗೆಯಿಂದ ಒಳಗೆ ಸೇರಿಸುತ್ತಾರೆ. ಅವ್ವನೂ ಮಾನ್ವಿಯ ರಸ್ತೆಯಲ್ಲಿ ಈ ಕೆಲಸ ಮಾಡಿದವಳೇ. "ಕಣ್ಣು ಕಾಳಿನ ಮ್ಯಾಗ, ಕಿವಿ ಗಾಡಿ ಮ್ಯಾಗ" ಎನ್ನುತ್ತಿದ್ದಳು. ತಲೆ ಎತ್ತಿ ನೋಡುತ್ತಾ ಕೂತರೆ ಕೆಲಸ ಸಾಗುವುದಿಲ್ಲ, ಸದ್ದು ಕೇಳಿ ಸರಿಯಬೇಕು. ಆ ವರ್ಷ ಬೇವಿನ ಗಿಡದ ಆಚೆ ಒಬ್ಬ ಮುದುಕಿ ಮತ್ತು ಆಕೆಯ ಸೊಸೆ ತೆನೆ ಹರವಿದ್ದರು. ಮುದುಕಿ ಯಾವಾಗಲೂ ನನಗೆ ಬೆನ್ನು ಹಾಕಿ ಬಗ್ಗಿರುತ್ತಿದ್ದಳು. ನನ್ನ ಗಾಡಿ ಗಿಡದ ಹತ್ತಿರ ಗುರ್ ಎಂದರೆ ಸಾಕು, ತಿರುಗಿ ಕೂಡ ನೋಡದೆ ಬದಿಗೆ ಸರಿದು ಕೊಡದಿಂದ ನೀರು ಕುಡಿಯುತ್ತಿದ್ದಳು. ಆಕೆಯ ಮುಖವನ್ನು ನಾನು ನೋಡಿರಲೇ ಇಲ್ಲ.

ಗಿಡವನ್ನು ಗೆಲ್ಲಲು ಒಂದು ಉಪಾಯ ಮಾಡಿದೆ. ಹಳ್ಳದ ಇಳಿಜಾರು ಶುರುವಾಗುವ ಮೊದಲೇ ಕಾಲು ತೆಗೆದು, ಸೇತುವೆಯ ತನಕ ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಟ್ಟೆ. ಅಷ್ಟರಲ್ಲಿ ಬ್ಯಾಟರಿ ಎರಡು ಗೆರೆ ತುಂಬಿಕೊಂಡಿತು. ಎ.ಸಿ. ಆರಿಸಿದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಬೇವಿನ ನೆರಳು ಬಾನೆಟ್ಟಿನ ಮೇಲೆ ಬಂತು, ಗಾಜಿನ ಮೇಲೆ ಬಂತು, ನನ್ನ ಕೈ ಮೇಲೆ ಬಂತು, ಹಿಂದೆ ಹೋಯಿತು. ಎಂಜಿನ್ ಏಳಲಿಲ್ಲ. ಹಿಂದಿನ ಸೀಟಿನಲ್ಲಿ ಆ ಫ್ಯಾನ್ ಮಾತ್ರ ಉದ್ದಕ್ಕೆ ಉಸಿರು ಬಿಟ್ಟಿತು. ಅಂಕಿ ಇಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತು.

ಆಗ ಮುದುಕಿ ಕಂಡಳು. ತೆನೆಯ ಹಾಸಿಗೆಗಿಂತ ಈಚೆ, ಬರೀ ಡಾಂಬರಿನ ಮೇಲೆ, ನನಗೆ ಬೆನ್ನು ಹಾಕಿ ಕಾಳು ಗುಡಿಸುತ್ತಿದ್ದಳು. ಕಂಡಳು ಎನ್ನುವುದನ್ನು ಇಲ್ಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಸಾಕಷ್ಟು ದೂರದಿಂದಲೇ ಕಂಡಳು. ಬ್ರೇಕ್ ಒತ್ತಬಹುದಿತ್ತು, ಹಾರ್ನ್ ಒತ್ತಬಹುದಿತ್ತು. ನಾನು ಬಲಕ್ಕೆ ಉಳಿದ ಜಾಗ ಎಷ್ಟೆಂದು ಅಳೆದೆ. ಸಾಕು ಎನಿಸಿತು. ಕಾಲು ಕದಲಿಸದೆ ಸ್ಟೀರಿಂಗ್ ಮಾತ್ರ ತಿರುಗಿಸಿದೆ. ಪಕ್ಕದ ಕನ್ನಡಿ ಆಕೆಯ ಸೆರಗಿಗೆ ತಗುಲಿ ಟಪ್ ಎಂದಿತು. ಮರುಕ್ಷಣ ತೆನೆಗಳು ಗಾಲಿಯ ಕೆಳಗೆ ಚಟಪಟ ಎಂದವು, ಅಂಕಿ ಮೂವತ್ತಾಯಿತು.

ಕನ್ನಡಿಯಲ್ಲಿ ನೋಡಿದೆ. ಮುದುಕಿ ರಸ್ತೆಯ ಮೇಲೆ ಕೂತಿದ್ದಳು. ಗಾಯವಾದಂತೆ ಕಾಣಲಿಲ್ಲ. ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಎರಡೂ ಅಂಗೈಗಳಿಂದ ತನ್ನ ಕಿವಿಗಳನ್ನು ಬಡಿದುಕೊಳ್ಳುತ್ತಿದ್ದಳು, ಸ್ನಾನ ಮಾಡುವಾಗ ಕಿವಿಗೆ ಹೊಕ್ಕ ನೀರನ್ನು ತೆಗೆಯುವವರ ಹಾಗೆ. ನಾನು ನಿಲ್ಲಿಸಲಿಲ್ಲ. ತರಗತಿಗೆ ಹೊತ್ತಾಗಿತ್ತು ಎಂದು ಅಂದುಕೊಂಡೆ, ಆದರೆ ಹೊತ್ತಾಗಿರಲಿಲ್ಲ.

ಸಂಜೆ ಬರುವಾಗ ಅಲ್ಲಿ ಯಾರೂ ಇರಲಿಲ್ಲ. ತಿರುವಿ ಹಾಕುವವರಿಲ್ಲದೆ ತೆನೆಗಳು ಒಂದೇ ಮಗ್ಗುಲಿಗೆ ಜಜ್ಜಿಹೋಗಿದ್ದವು. ಮರುದಿನ ಸೊಸೆ ಒಬ್ಬಳೇ ಇದ್ದಳು. ಅದರ ಮರುದಿನವೂ. ನನ್ನ ಗಾಡಿ ಈಗ ದಿನಾ ಬೇವಿನ ಗಿಡವನ್ನು ಸದ್ದಿಲ್ಲದೆ ದಾಟುತ್ತಿತ್ತು. ಮೊದಲು ಮೂವತ್ತಕ್ಕಾಗಿ ಮಾಡಿದ್ದನ್ನು ಈಗ ಕಳ್ಳರ ಹಾಗೆ ನುಸುಳಲು ಮಾಡುತ್ತಿದ್ದೆ. ಮೂರನೆಯ ದಿನ ತಡೆಯಲಾಗದೆ ನಿಲ್ಲಿಸಿ ಗಾಜು ಇಳಿಸಿದೆ.

"ನಿಮ್ಮತ್ತಿ ಕಾಣವಲ್ರಲ್ಲ?"

ಸೊಸೆ ಬೆಚ್ಚಿ ತಿರುಗಿದಳು. "ಅತ್ತಿಗೆ ಕಿವಿ ಹೋಗ್ಯಾವ್ರಿ ಮೇಡಮ್ರೀ. ಮೊನ್ನಿ ಗಾಡಿ ಮೈಮ್ಯಾಗ ಬಂದ್ರೂ ಕೇಳಿಸಿಲ್ಲ ನೋಡ್ರಿ. ದೇವರು ದೊಡ್ಡಾಂವ, ಜೀವ ಉಳೀತು."

"ಯಾವ ಗಾಡಿ?"

"ಯಾರಿಗೆ ಗೊತ್ರಿ, ನಾ ಆವಾಗ ಮನ್ಯಾಗಿದ್ದೆ. ತಿರುಗಿ ನೋಡೋದ್ರಾಗ ಹೋಗೇಬಿಟ್ಟಿತ್ತಂತ."

"ಡಾಕ್ಟರಿಗೆ ತೋರಿಸ್ರಿ" ಎಂದು ಹೇಳಿ ಗಾಜು ಏರಿಸಿದೆ. ನನ್ನ ಬಗ್ಗೆ ನನಗೆ ಅಷ್ಟು ಹೇಸಿಕೆ ಆದದ್ದು ಅದೇ ಮೊದಲು.

ಆ ಸಂಜೆ ಅವ್ವ ಜೋಳದ ಹಿಟ್ಟು ನಾದುತ್ತಿದ್ದಳು. ಮಸರಕಲ್ಲಿನಲ್ಲಿ ಒಬ್ಬ ಮುದುಕಿಗೆ ಇದ್ದಕ್ಕಿದ್ದಂತೆ ಕಿವಿ ಹೋಗಿವೆಯಂತೆ ಎಂದು, ಬೇರೆಯವರ ಸುದ್ದಿ ಹೇಳುವ ಹಾಗೆ ಹೇಳಿದೆ. ಅವ್ವ ಎಲ್ಲಿ, ಯಾವಾಗ, ಹೇಗೆ ಎಂದು ಕೇಳಿದಳು. ಆಮೇಲೆ ನಾದುವುದನ್ನು ನಿಲ್ಲಿಸಿದಳು.

"ಗಾಡಿ ನಿಂದೇನು?"

ನಾನು ಹಂಚನ್ನು ಒಲೆಯ ಮೇಲೆ ಇಟ್ಟೆ.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗ ಆತು. ಉಸಿರಿಲ್ಲದ್ದು ನಿನ್ನ ಗಾಡಿಗೆ, ಕಿವಿ ಹೋಗಿದ್ದು ಆ ಹೆಣ್ಣುಮಗಳಿಗೆ" ಎಂದಳು. ಹಿಟ್ಟಿನ ಕೈ ಒರೆಸಿಕೊಂಡು, "ಮೂರು ದಿನದಿಂದ ಅಕಿ ಕಿವುಡಿ ಆಗಿ ಕುಂತಾಳ, ನಿನಗ ಅನ್ನ ಹೆಂಗ ಇಳಿತದ?"

ಅವ್ವ ನನಗೆ ಇಷ್ಟು ಕಟುವಾಗಿ ಮಾತಾಡಿದ್ದು ನೆನಪಿಲ್ಲ. ಮರುದಿನ ಭಾನುವಾರ ಬೆಳಿಗ್ಗೆಯೇ ಹೊರಟೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ರಸ್ತೆಯ ದಂಡೆಗೇ ಇತ್ತು. ಮುದುಕಿ ಪಡಸಾಲೆಯಲ್ಲಿ ಬೆನ್ನನ್ನು ಪೂರ್ತಿ ಗೋಡೆಗೆ ಹಚ್ಚಿ, ರಸ್ತೆಯ ಕಡೆ ಮುಖ ಮಾಡಿ ಕೂತಿದ್ದಳು. ಆಕೆಯ ಮುಖವನ್ನು ಆಗ ಮೊದಲ ಸಲ ನೋಡಿದೆ. ಕಣ್ಣು ನನ್ನ ತುಟಿಯ ಮೇಲಿತ್ತು. ದೇವದುರ್ಗದ ಕಾಲೇಜಿನವಳು ಎಂದು ಹೇಳಿಕೊಂಡೆ. ಒಳಗಿನಿಂದ ಸೊಸೆ ಊರಿಗೇ ಕೇಳುವ ಹಾಗೆ, "ಅತ್ತೀ, ಕಾಲೇಜು ಮೇಡಮ್ರು ಬಂದಾರ" ಎಂದು ಕಿರುಚಿದಳು.

ನಾನು ಹತ್ತಿರ ಕೂತು ಮೆಲ್ಲಗೆ ಕೇಳಿದೆ. "ಯವ್ವಾ, ನಾ ಮಾತಾಡೋದು ಕೇಳಸ್ತದೇನ್ರಿ?"

"ಕೇಳಸ್ತದ್ರಿ."

"ಮತ್ತ ಕಿವಿ ಹೋಗ್ಯಾವ ಅಂತ ಯಾಕ ಅಂತೀರಿ?"

"ಕೇಳಸೋದು ಕೇಳಸ್ತದ್ರಿ. ಕೇಳಸಲಾರದ್ದು ಎಷ್ಟದ ಅಂತ ನನಗ ಹೆಂಗ ಗೊತ್ತಾಗಬೇಕು?" ಆಕೆಯ ದನಿಯಲ್ಲಿ ಗೋಳು ಇರಲಿಲ್ಲ, ಹವಾಮಾನದ ಮಾತು ಆಡಿದಂತಿತ್ತು. "ಹಿಂದ ಯಾರೂ ಇಲ್ಲ ಅನಿಸ್ತದ. ಖರೇನ ಯಾರೂ ಇಲ್ಲೋ, ಇದ್ದದ್ದು ಕೇಳಸವಲ್ದೋ. ಮೊಮ್ಮಗಳನ್ನ ಎತ್ಕೊಂಡು ರೋಡು ದಾಟೋದು ಬಿಟ್ಟೀನ್ರಿ. ಅದರ ಜೀವಕ್ಕ ಯಾರು ಹೊಣಿ?"

ಆಕೆ ಮುಂದುವರಿಸಿದಳು. "ಒಂದು ಗಾಡಿ ಇತ್ರಿ. ದಿನಾ ಒಂಬತ್ತರ ಸುಮಾರಿಗೆ ಬೇವಿನ ಗಿಡದ ಹತ್ರ ಗುರ್ ಅಂತ ಎದ್ದು ಬರ್ತಿತ್ತು. ಅದಕ್ಕ ನಾ ಸರಿದು ನೀರು ಕುಡಿತಿದ್ದೆ. ಅವತ್ತ ಅದು ಕೇಳಿಸಲಿಲ್ಲ. ಮರುದಿನದಿಂದ ಇಲ್ಲೇ ಕುಂತು ಕಿವಿ ಕೊಟ್ಟು ಕೇಳಾಕತ್ತೀನಿ. ಅದೊಂದು ಕೇಳಿಸಿದ್ರ ಕಿವಿ ಅದಾವ ಅಂತ ತಿಳ್ಕೋಬೇಕು ಅಂತ. ಬರವಲ್ದು ನೋಡ್ರಿ."

ಮೂರು ದಿನ ಆಕೆ ಇಲ್ಲಿ ಕೂತು ನನ್ನ ಎಂಜಿನ್ನಿಗೆ ಕಾದಿದ್ದಳು. ಮೂರು ದಿನವೂ ನಾನು ಎ.ಸಿ. ಆರಿಸಿ, ಬೆವರು ಒರೆಸಿಕೊಂಡು, ಆಕೆಯ ಎದುರಿಗೇ ಸದ್ದಿಲ್ಲದೆ ಹೋಗಿದ್ದೆ.

"ಆ ಗಾಡಿ ನಂದ್ರಿ" ಎಂದೆ. ಬ್ಯಾಟರಿ, ಎಂಜಿನ್, ಎಲ್ಲ ಹೇಳಿದೆ. ಇಷ್ಟು ವರ್ಷ ಕಲಿಸಿದ ನನ್ನ ಬಾಯಿಗೆ ಅಂದು ಒಂದು ಮಾತೂ ನೆಟ್ಟಗೆ ಬರಲಿಲ್ಲ. ಆಕೆ ನಂಬಲಿಲ್ಲ. ಮುದುಕಿಯ ಮನಸ್ಸಿಗೆ ಸಮಾಧಾನವಾಗಲಿ ಎಂದು ಓದಿದವರು ಕಥೆ ಕಟ್ಟುತ್ತಿದ್ದಾರೆ ಎಂಬಂತೆ ತಲೆ ಆಡಿಸಿದಳು. "ಸಪ್ಪಳಿಲ್ಲದ ಗಾಡಿ ಇರ್ತದೇನ್ರಿ?"

ಕೊನೆಗೆ ಇಬ್ಬರನ್ನೂ ರಸ್ತೆಗೆ ಕರೆದುಕೊಂಡು ಹೋದೆ. ಅತ್ತೆ ಸೊಸೆ ಬೇವಿನ ಗಿಡದ ಆಚೆ, ರಸ್ತೆಯ ಅಂಚಿಗೆ, ಸೇತುವೆಯ ಕಡೆ ಬೆನ್ನು ಮಾಡಿ ನಿಲ್ಲಬೇಕು. ಗಾಡಿ ಬಂದದ್ದು ಕೇಳಿಸಿದವರು ಕೈ ಎತ್ತಬೇಕು. ನಾನು ಸೇತುವೆಯ ತನಕ ಹೋಗಿ ತಿರುಗಿಸಿಕೊಂಡು, ಆಳು ನಡೆಯುವ ವೇಗದಲ್ಲಿ ಬಂದೆ. ನೆರಳು ದಾಟಿದೆ. ಎರಡು ಬೆನ್ನುಗಳು ದೊಡ್ಡವಾಗುತ್ತಾ ಬಂದವು. ಯಾರೂ ಕೈ ಎತ್ತಲಿಲ್ಲ. ಮಾರು ದೂರಕ್ಕೆ ಬಂದು ನಿಲ್ಲಿಸಿದೆ. ಆಗಲೂ ಇಬ್ಬರೂ ನಿಂತ ಹಾಗೇ ನಿಂತಿದ್ದರು. ಸೊಸೆ ಕತ್ತು ಓರೆ ಮಾಡಿ ಆಲಿಸುತ್ತಿದ್ದಳು. ಮುದುಕಿಯ ಕುಪ್ಪಸದ ಬೆನ್ನಿಗೆ ಹೊಲಿಗೆ ಬಿಟ್ಟದ್ದು, ಅದನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು, ಕತ್ತಿನ ಮೇಲೆ ಬೆವರಿಗೆ ಅಂಟಿದ ಜೋಳದ ಹೊಟ್ಟು, ಎಲ್ಲ ಕಂಡವು. ನಾನು ಅಲ್ಲಿ ಇದ್ದೇನೆ ಎಂದು ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆ ಹೊತ್ತು ನನಗೆ ನನ್ನದೇ ಭಯವಾಯಿತು.

ಹಾರ್ನ್ ಒತ್ತಿದರೆ ಎದೆ ಒಡೆದುಕೊಳ್ಳುತ್ತಾರೆ ಎನಿಸಿತು. ಗಾಜು ಇಳಿಸಿದೆ. ಬಾಯಿಂದ ಬಂದ ಮಾತು ನಾನು ಯೋಚಿಸಿ ಆಡಿದ್ದಲ್ಲ.

"ಯವ್ವಾ, ಬಂದೀನ್ರಿ."

ಸೊಸೆ ಹೌಹಾರಿ ರಸ್ತೆ ಬಿಟ್ಟು ಕೆಳಗೆ ಜಿಗಿದಳು. ಮುದುಕಿ ನಿಧಾನಕ್ಕೆ ತಿರುಗಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಜ್ವರ ನೋಡುವ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದಳು. ಆಮೇಲೆ ಸೊಸೆಯನ್ನು ನೋಡಿದಳು. "ನಿನಗೂ ಕೇಳಿಸಲಿಲ್ಲಲ್ಲ?"

"ಇಲ್ರೀ ಅತ್ತಿ."

"ಹಂಗಾರ ನನ್ನ ಕಿವಿ ಚಲೋ ಅದಾವು."

ಹೇಳಿ ನಕ್ಕಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾನು ಕೆಳಗಿಳಿದು ಆಕೆಯ ಕೈ ಹಿಡಿಯಲು ಹೋದೆ. ಆಕೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಆದರೆ ನಗು ನಿಂತಿತು.

"ಅವತ್ತ ನೀವು ನನ್ನ ನೋಡಿದ್ರೇನ್ರಿ ಮೇಡಮ್ರೀ?"

ಇಲ್ಲ ಎನ್ನಬಹುದಿತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎನ್ನಬಹುದಿತ್ತು, ಆಕೆ ನಂಬುತ್ತಿದ್ದಳು.

"ನೋಡಿದ್ದೆ" ಎಂದೆ.

"ನೋಡಿ?"

"ಬ್ರೇಕ್ ಹಿಡಿಲಿಲ್ರಿ. ಹಿಡಿದ್ರ ಪೆಟ್ರೋಲು ಜಾಸ್ತಿ ಸುಡ್ತದ."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನ ತುದಿಯನ್ನು, ಬಹುಶಃ ಕನ್ನಡಿ ತಗುಲಿದ ಅದೇ ತುದಿಯನ್ನು, ಬೆರಳಿಗೆ ಸುತ್ತಿಕೊಳ್ಳುತ್ತಾ ಮನೆಯ ಕಡೆ ನಡೆದಳು. ಸೊಸೆ ಹಿಂದೆ ಹೋದಳು.

ಈಗಲೂ ಅದೇ ದಾರಿ, ಅದೇ ಗಾಡಿ. ಹಳ್ಳದ ಇಳಿಜಾರಿನಲ್ಲಿ ಬ್ಯಾಟರಿ ಕೂಡಿಡುವುದಿಲ್ಲ. ಬೇವಿನ ಗಿಡದ ಹತ್ತಿರ ಎಂಜಿನ್ ಏಳುತ್ತದೆ. ಏಳದಿದ್ದರೆ ಕಾಲು ಒತ್ತಿ ಎಬ್ಬಿಸುತ್ತೇನೆ. ಹಾರ್ನ್ ಕೂಡ ಹೊಡೆಯುತ್ತೇನೆ. ಅಂಕಿ ಇಪ್ಪತ್ನಾಲ್ಕರ ಆಚೆ ಹೋಗಿಲ್ಲ. ಮುದುಕಿ ಮತ್ತೆ ರಸ್ತೆಗೆ ಬಂದಿದ್ದಾಳೆ, ಮೊಮ್ಮಗಳನ್ನು ಎತ್ತಿಕೊಂಡು ದಾಟುವುದನ್ನೂ ನೋಡಿದ್ದೇನೆ. ಆದರೆ ಈಗ ಬೆನ್ನು ಹಾಕಿ ಗುಡಿಸುವುದಿಲ್ಲ. ಬರುವ ಗಾಡಿಗಳ ಕಡೆ ಮುಖ ಮಾಡಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ಗುಡಿಸುತ್ತಾಳೆ. ಕಣ್ಣು ಕಾಳಿನ ಮೇಲಿಲ್ಲದ್ದರಿಂದ ಅರ್ಧ ಕಾಳು ಡಾಂಬರಿನ ಮೇಲೇ ಉಳಿಯುತ್ತದೆ. ನನ್ನ ಗಾಡಿ ಎಷ್ಟೇ ಗದ್ದಲ ಮಾಡಿಕೊಂಡು ಬಂದರೂ ಆಕೆ ಬದಿಗೆ ಸರಿದು ನೀರು ಕುಡಿಯುವುದಿಲ್ಲ. ಕಸಬರಿಗೆ ಹಿಡಿದು ನಿಂತು, ಗಾಜಿನೊಳಗಿನ ನನ್ನ ಮುಖವನ್ನೇ ನೋಡುತ್ತಾಳೆ. ನಾನು ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿದ ಮೇಲೆಯೇ ಸರಿಯುತ್ತಾಳೆ.